2023ರ ಆಲ್ಬಂಗಳು: ಗುಂಗು ಇಳಿದ ಮೇಲೂ ಕೇಳುತ್ತಿರುವ ಮೂರು

ವರ್ಷದ ಕೊನೆಗೆ ಮೆಚ್ಚಿನ ಆಲ್ಬಂಗಳ ಪಟ್ಟಿ ಮಾಡುವುದು ಸುಲಭ. ಹೊಸ ಹಾಡಿನ ಗುಂಗು ಆಗಿನ್ನೂ ಇಳಿದಿರುವುದಿಲ್ಲ. ಅದು ಇಳಿಯಲೆಂದೇ ಕಾದಿದ್ದು ಈಗ ಬರೆಯುತ್ತಿದ್ದೇನೆ. 2023ರಲ್ಲಿ ಬಂದ ಕನ್ನಡದ ಆಲ್ಬಂಗಳಲ್ಲಿ ಮೂರನ್ನು ಇಂದಿಗೂ ಮೊದಲ ಹಾಡಿನಿಂದ ಕೊನೆಯದರವರೆಗೆ, ಒಂದನ್ನೂ ದಾಟಿಸದೆ ಕೇಳುತ್ತೇನೆ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿ.ಮೀ. ಬಸ್ ಪ್ರಯಾಣ ನನಗೆ ನಿತ್ಯದ್ದು. ಒಂದು ಆಲ್ಬಂ ಪೂರ್ತಿ ಕೇಳಲು ಆ ಹೊತ್ತು ಸಾಕು.

ಮೊದಲ ಸ್ಥಾನ, ಎರಡು ಮಾತಿಲ್ಲದೆ, ಚರಣ್ ರಾಜ್ ಸಂಗೀತದ ‘ಸಪ್ತ ಸಾಗರದಾಚೆ ಎಲ್ಲೋ - ಸೈಡ್ ಎ’ಗೆ. ಹೇಮಂತ್ ರಾವ್ ನಿರ್ದೇಶನದ ಈ ಚಿತ್ರದ ಹೆಸರು ಗೋಪಾಲಕೃಷ್ಣ ಅಡಿಗರ ‘ಯಾವ ಮೋಹನ ಮುರಳಿ’ ಕವಿತೆಯಿಂದ ಬಂದದ್ದು. ನಾಡೇ ಗುನುಗಿದ ಕವಿತೆಯ ಸಾಲನ್ನು ಹೆಸರಾಗಿಟ್ಟುಕೊಂಡ ಮೇಲೆ ಹಾಡುಗಳಿಗೂ ಆ ಘನತೆ ಇರಬೇಕಾಗುತ್ತದೆ. ಇಲ್ಲಿ ಇದೆ. ಶ್ರೀಲಕ್ಷ್ಮಿ ಬೆಳ್ಮಣ್ಣು ಹಾಡಿರುವ ‘ಕಡಲನು’ ಕೇಳಿ ನೋಡಿ. ದುಃಖವನ್ನು ತೋರಿಸಲೆಂದು ಗಾಯಕಿ ದನಿಯನ್ನು ಒಡೆಯುವುದಿಲ್ಲ, ಅಳುವುದಿಲ್ಲ. ಸಾಲಿನ ಕೊನೆಯ ಅಕ್ಷರವನ್ನು ಸ್ವಲ್ಪ ತಡೆದು ಬಿಡುತ್ತಾರೆ, ಅಷ್ಟೇ. ಎದೆ ಭಾರವಾಗಲು ಅಷ್ಟು ಸಾಕು. ಭರಮಸಾಗರ ದಾಟಿ, ಇಕ್ಕೆಲಗಳಲ್ಲಿ ಮೆಕ್ಕೆಜೋಳದ ಹೊಲ ಬಿಟ್ಟರೆ ಬೇರೇನೂ ಕಾಣದ ಬಯಲಿನಲ್ಲಿ ಈ ಹಾಡು ಕೇಳುತ್ತಾ ಎಷ್ಟೋ ಸಲ ಕಣ್ಣು ಮುಚ್ಚಿ ಕುಳಿತಿದ್ದೇನೆ. ಕಪಿಲ್ ಕಪಿಲನ್ ಅವರ ‘ನದಿಯೇ ಓ ನದಿಯೇ’ ಎಲ್ಲರಿಗೂ ಗೊತ್ತು. ಅತಿಯಾಗಿ ಕೇಳಿದರೂ ಸವೆಯದ ಹಾಡು ಅದು.

‘ಸೈಡ್ ಬಿ’ ಅದೇ ವರ್ಷದ ನವೆಂಬರ್‌ನಲ್ಲಿ ಬಂತು. ಇದನ್ನು ಮಾತ್ರ ಬಸ್ಸಿನಲ್ಲಿ ಕೇಳಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ. ಎಂಜಿನ್ನಿನ ಗುಡುಗಿನಲ್ಲಿ ಮಂದ್ರದ ಸ್ವರಗಳೆಲ್ಲ ಮುಳುಗಿಹೋಗುತ್ತವೆ, ಉಳಿಯುವುದು ಅರ್ಧ ಸಂಗೀತ. ಮನೆಯಲ್ಲಿ, ರಾತ್ರಿ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡು ಕೇಳಿದಾಗಲೇ ಇದರ ಆಳ ನನಗೆ ಸಿಕ್ಕಿದ್ದು. ಮೊದಲ ಭಾಗದಷ್ಟು ಬೇಗ ಒಲಿಯುವ ಆಲ್ಬಂ ಅಲ್ಲ, ಆದರೆ ಒಲಿದ ಮೇಲೆ ಬಿಡುವುದಿಲ್ಲ.

ಕ್ರಮದ ಬಗ್ಗೆಯೂ ಒಂದು ಮಾತು. ನಾನು ಮೊದಲು ಬಳಸುತ್ತಿದ್ದ ಆ್ಯಪ್‌ನ ಉಚಿತ ಸೇವೆಯಲ್ಲಿ ಹಾಡುಗಳು ಕಲಸುಮೇಲೋಗರವಾಗಿ ಬರುತ್ತಿದ್ದವು, ನಡುನಡುವೆ ಜಾಹೀರಾತಿನ ಅಬ್ಬರ ಬೇರೆ. ‘ಎ’ ಮತ್ತು ‘ಬಿ’ ಎಂದು ಕ್ಯಾಸೆಟ್ಟಿನ ಬದಿಗಳಂತೆ ಹೆಸರಿಟ್ಟ ಸಂಗೀತವನ್ನು ಹಾಗೆ ಕೇಳಿಸುವುದು ಅನ್ಯಾಯ. ಈಗ ಹಣ ಕಟ್ಟಿ ಕೇಳುತ್ತೇನೆ, ಆ ಖರ್ಚಿನ ಬಗ್ಗೆ ಬೇಸರವಿಲ್ಲ.

ಮೂರನೆಯದು ‘ಆಚಾರ್ ಅಂಡ್ ಕೋ’. ಕಬೀರನ ಪದಗಳನ್ನು ಹಾಡುವ ಬಿಂದುಮಾಲಿನಿ ಇದರ ಸಂಗೀತ ನಿರ್ದೇಶಕಿ. ಹಳೆಯ ಬೆಂಗಳೂರಿನ ದೊಡ್ಡ ಕುಟುಂಬವೊಂದರ ಕತೆಗೆ ಅವರು ಕೊಟ್ಟ ಹಾಡುಗಳಲ್ಲಿ ಗದ್ದಲವಿಲ್ಲ, ಮನೆಯೊಳಗಿನ ಮಾತಿನ ಲಯವಿದೆ. ಇದಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಗಲಿಲ್ಲ ಎಂಬ ಕೊರಗು ನನಗೆ ಈಗಲೂ ಇದೆ.

ಅದೇ ವರ್ಷ ಬಂದ, ತೇಜಸ್ವಿಯವರ ಕತೆಯನ್ನು ಆಧರಿಸಿದ ‘ಡೇರ್‌ಡೆವಿಲ್ ಮುಸ್ತಾಫಾ’ದ ಹಾಡುಗಳೂ ಇಷ್ಟ. ಆದರೆ ಅವನ್ನು ಬಿಡಿಬಿಡಿಯಾಗಿ ಕೇಳುತ್ತೇನೆ, ಇಡಿಯಾಗಿ ಅಲ್ಲ, ಹಾಗಾಗಿ ಪಟ್ಟಿಯಲ್ಲಿಲ್ಲ. ಈ ಮೂರರಲ್ಲಿ ಒಂದನ್ನೂ ಕೇಳದವರು ‘ಸೈಡ್ ಎ’ಯಿಂದ ಶುರು ಮಾಡಿ, ‘ಬಿ’ಗೆ ಹೋಗುವ ಮುನ್ನ ಕೆಲವು ದಿನ ಬಿಡುವು ಕೊಡಿ.