ರಿಪೋರ್ಟಿನಲ್ಲಿ ‘ಕ್ಲಿಯರ್’ ಅಂತಿತ್ತು, ಮರಿಗಳು ಮೈದಾನದಲ್ಲಿ ಕುಸಿದವು

ಹನ್ನೊಂದು ತಿಂಗಳ ಲ್ಯಾಬ್ರಡಾರ್. ಎಸೆದ ಡಮ್ಮಿಯನ್ನು, ಅಂದರೆ ತರಬೇತಿಗೆ ಬಳಸುವ ತುಂಡನ್ನು, ಹತ್ತನೇ ಸಲ ತರಲು ಓಡಿದೆ. ವಾಪಸ್ ಬರುವಾಗ ಹಿಂಗಾಲು ಅಗಲಗಲವಾಗಿ ಬೀಳುತ್ತವೆ, ಸೊಂಟ ತೂರಾಡುತ್ತದೆ, ಕೊನೆಗೆ ಹಿಂಭಾಗವನ್ನು ಎಳೆದುಕೊಂಡೇ ಬರುತ್ತದೆ. ಬಾಯಲ್ಲಿ ಡಮ್ಮಿ ಹಾಗೇ ಇದೆ. ಪ್ರಜ್ಞೆ ಇದೆ, ನೋವಿಲ್ಲ, ಕಾಲು ಮುಟ್ಟಿದರೆ ಸೆಡೆತವೂ ಇಲ್ಲ. ನೆರಳಲ್ಲಿ ಇಪ್ಪತ್ತು ನಿಮಿಷ ಮಲಗಿಸಿದರೆ ಏನೂ ಆಗದ ಹಾಗೆ ಎದ್ದು ಬಾಲ ಆಡಿಸುತ್ತದೆ. ಮೊದಲ ಸಲ ಎಲ್ಲರೂ ಬಿಸಿಲಿನ ಮೇಲೆ ಹಾಕಿದರು. ಅದೇ ಸೂಲಿನ ಏಳು ಮರಿಗಳಲ್ಲಿ ಇನ್ನೊಂದೂ ಹೀಗೇ ಬಿದ್ದಾಗ ಆ ಮಾತು ನಂಬುವ ಹಾಗಿರಲಿಲ್ಲ.

ಇದು ಇಐಸಿ, ಶ್ರಮದಿಂದ ಬರುವ ಕುಸಿತ. ಕಾರಣ ಡಿಎನ್‌ಎಂ1 ಎಂಬ ಜೀನಿನ ದೋಷ, 2008ರಲ್ಲಿ ಪತ್ತೆಯಾಯಿತು. ನರ ತುಂಬ ವೇಗವಾಗಿ ಸಂಕೇತ ಕಳಿಸಬೇಕಾದಾಗ ಈ ಜೀನಿನ ಪ್ರೋಟೀನ್ ಬೇಕು. ಹಾಗಾಗಿ ನಡೆಯುವಾಗ, ಆಡುವಾಗ ಏನೂ ಗೊತ್ತಾಗುವುದಿಲ್ಲ. ಐದರಿಂದ ಇಪ್ಪತ್ತು ನಿಮಿಷ ಉತ್ಸಾಹದಿಂದ ಜೋರಾಗಿ ಓಡಿದರೆ ಮಾತ್ರ ಕೈಕೊಡುತ್ತದೆ. ಥರ್ಮಾಮೀಟರ್ ಇಲ್ಲಿ ದಾರಿ ತಪ್ಪಿಸುತ್ತದೆ: ಹಾಗೆ ಓಡಿದ ಆರೋಗ್ಯವಂತ ಲ್ಯಾಬ್ರಡಾರಿನ ಮೈಯೂ 41 ಡಿಗ್ರಿ ದಾಟಬಹುದು. ಖಚಿತ ಮಾಡಿಕೊಳ್ಳೋಣವೆಂದು ಮತ್ತೆ ಓಡಿಸಿ ನೋಡುವುದು ಬೇಡ, ಕುಸಿದಲ್ಲೇ ಸತ್ತ ನಾಯಿಗಳಿವೆ.

ಮೇಟಿಂಗ್‌ಗೆ ಮುಂಚೆ ಪರೀಕ್ಷೆ ಮಾಡಿಸಿರಲಿಲ್ಲವೇ? ಮಾಡಿಸಿತ್ತು. ಹೆಣ್ಣುನಾಯಿ ಕ್ಯಾರಿಯರ್, ಅಂದರೆ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟದ್ದು; ಎರಡೂ ಕೆಟ್ಟರೆ ಮಾತ್ರ ರೋಗ. ಗಂಡಿನ ಕಾಗದದಲ್ಲಿ ಕ್ಲಿಯರ್, ಅಂದರೆ ಎರಡೂ ಪ್ರತಿ ಸರಿ. ಕ್ಯಾರಿಯರ್‌ಗೆ ಕ್ಲಿಯರ್ ಕೂಡಿಸಿದರೆ ಅರ್ಧದಷ್ಟು ಮರಿ ಕ್ಯಾರಿಯರ್ ಆಗಬಹುದು, ರೋಗ ಮಾತ್ರ ಯಾವುದಕ್ಕೂ ಬರುವುದಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು, ಕಾಗದ ಸರಿಯಿರಲಿಲ್ಲ. ‘ಕ್ಲಿಯರ್’ ಮುಂದೆ ಸಣ್ಣಕ್ಷರದಲ್ಲಿ ‘ಪೇರೆಂಟೇಜ್ ಪ್ರಕಾರ’ ಅಂತಿತ್ತು. ಅಂದರೆ ಆ ಗಂಡುನಾಯಿಯ ಬಾಯಿಗೆ ಯಾರೂ ಸ್ವ್ಯಾಬ್ ಹಾಕಿಯೇ ಇರಲಿಲ್ಲ. ಅಪ್ಪ ಅಮ್ಮ ಕ್ಲಿಯರ್, ಆದ್ದರಿಂದ ಮಗನೂ ಕ್ಲಿಯರ್ ಎಂದು ಬರೆದುಕೊಟ್ಟದ್ದು.

ಕುಸಿದ ಎರಡು ಮರಿಗಳ ರಿಪೋರ್ಟಿನಲ್ಲೂ ಎರಡೂ ಪ್ರತಿ ಕೆಟ್ಟಿದ್ದವು. ಒಂದು ಅಮ್ಮನದು, ಇನ್ನೊಂದು ಅಪ್ಪನಿಂದಲ್ಲದೆ ಎಲ್ಲಿಂದ ಬರಬೇಕು? ಆ ಗಂಡುನಾಯಿಯ ಸ್ವ್ಯಾಬ್ ಕಳಿಸಿದಾಗ ಅದೂ ಕ್ಯಾರಿಯರ್. ತಂದೆ-ತಾಯಿ ಪರೀಕ್ಷೆಯಲ್ಲಿ ಅಸಲು ಸಂಗತಿ ಹೊರಬಿತ್ತು: ಪೆಡಿಗ್ರಿಯಲ್ಲಿ, ಅಂದರೆ ವಂಶಾವಳಿಯ ಕಾಗದದಲ್ಲಿ, ಹೆಸರಿರುವ ಅಪ್ಪ ಅದರ ಅಪ್ಪನೇ ಅಲ್ಲ. ಬೆದೆಯ ಹೆಣ್ಣು ಹಲವು ದಿನ ಗಂಡನ್ನು ಬಿಟ್ಟುಕೊಳ್ಳುತ್ತದೆ, ಒಂದೇ ಸೂಲಿನ ಮರಿಗಳಿಗೆ ಇಬ್ಬರು ಅಪ್ಪಂದಿರು ಇರಬಹುದು. ಬೇಲಿ ಹಾರಿ ಬಂದ ನಾಯಿಯ ಹೆಸರನ್ನು ಪೆಡಿಗ್ರಿಯಲ್ಲಿ ಯಾರು ಬರೆಸುತ್ತಾರೆ!

ಇಬ್ಬರೂ ಕ್ಯಾರಿಯರ್ ಆದರೆ ಪ್ರತಿ ಮರಿಗೂ ರೋಗದ ಸಾಧ್ಯತೆ ಶೇ. 25. ನಾಲ್ಕಕ್ಕೆ ಒಂದು ಅಂತ ಎಣಿಸಿಡಬೇಡಿ, ಪ್ರತಿ ಮರಿಯ ಚೀಟಿಯೂ ಬೇರೆ ಬೇರೆ ಎತ್ತಿದ ಹಾಗೆ. ಏಳು ಮರಿಗಳಿದ್ದರೆ ಒಂದಕ್ಕಾದರೂ ಬರುವ ಸಾಧ್ಯತೆ ಸುಮಾರು ಶೇ. 87.

ಆದ್ದರಿಂದ ಮೇಟಿಂಗ್‌ಗೆ ಬರುವ ನಾಯಿಯದೇ ಸ್ಯಾಂಪಲ್ ಕೇಳಿ. ಪಶುವೈದ್ಯರು ಮೊದಲು ನಾಯಿಯ ಚರ್ಮದಡಿಯ ಚಿಪ್‌ಗೆ ರೀಡರ್ ಹಿಡಿದು 15 ಅಂಕಿಯ ನಂಬರ್ ಓದಿ, ಫಾರ್ಮಿನಲ್ಲಿ ಬರೆದು, ಆಮೇಲೆ ಸ್ವ್ಯಾಬ್ ತೆಗೆಯಲಿ. ರಿಪೋರ್ಟಿನಲ್ಲೂ ಅದೇ ನಂಬರ್ ಇರಬೇಕು; ಬರೀ ಕರೆಯುವ ಹೆಸರಿದ್ದರೆ ಆ ಕಾಗದ ಯಾವ ನಾಯಿಗೂ ಹೊಂದುತ್ತದೆ. ಸ್ವ್ಯಾಬ್‌ಗೆ ಒಂದು ಗಂಟೆ ಮುಂಚಿನಿಂದ ಊಟ, ಆಟಿಕೆ ಬೇಡ. ಹಾಲು ಕುಡಿಯುವ ಮರಿಯನ್ನು ಒಂದೆರಡು ಗಂಟೆ ತಾಯಿಯಿಂದ ಬೇರೆ ಇಡಿ, ಇಲ್ಲವಾದರೆ ಬಾಯಲ್ಲಿ ತಾಯಿಯ ಜೀವಕೋಶಗಳಿರುತ್ತವೆ. ಬ್ರಷ್ಷನ್ನು ಒಸಡು ಮತ್ತು ಕೆನ್ನೆಯ ನಡುವೆ ಒತ್ತಿ ಉರುಳಿಸಿ. ಬರೀ ಜೊಲ್ಲು ಹತ್ತಿದರೆ ಸಾಲದು, ಬೇಕಾದ್ದು ಕೆನ್ನೆಯ ಜೀವಕೋಶ. ಒಣಗಿಸಿ ಕಾಗದದ ಕವರಿಗೆ ಹಾಕಿ. ಒದ್ದೆಯಾಗಿ ಪ್ಲಾಸ್ಟಿಕ್‌ನಲ್ಲಿ ಮುಚ್ಚಿದರೆ ಬೂಷ್ಟು ಹಿಡಿಯುತ್ತದೆ. ಒಂದು ನಾಯಿ ಮುಗಿದು ಕೈ ತೊಳೆದ ಮೇಲೆ ಇನ್ನೊಂದು. ಸ್ಯಾಂಪಲ್ ಸಾಲದಿದ್ದರೆ ಲ್ಯಾಬ್ ಮತ್ತೆ ಕೇಳುತ್ತದೆ, ಆದರೆ ಎರಡು ನಾಯಿಗಳದು ಬೆರೆತರೆ ತಪ್ಪು ಉತ್ತರವೇ ನಿಜದ ಹಾಗೆ ಬರಬಹುದು. ಇದೆಲ್ಲ ಬೆದೆ ಶುರುವಾಗುವ ಎರಡು ತಿಂಗಳ ಮುಂಚೆ ಆಗಲಿ. ಬೆದೆ ಬಂದ ಮೇಲೆ ಕಳಿಸಿದವರು ರಿಪೋರ್ಟ್ ಬರುವ ಮುನ್ನವೇ ಮೇಟಿಂಗ್ ಮಾಡಿಸಿಬಿಡುತ್ತಾರೆ.

ರೋಗದ ಹೆಸರಿನ ಜೊತೆ ಜೀನಿನ ಹೆಸರೂ ನೋಡಿ. ‘ಪಿಆರ್‌ಎ ಕ್ಲಿಯರ್’ ಎಂದರೆ ಅರ್ಧ ಮಾತು. ಕಣ್ಣಿನ ಆ ರೋಗಕ್ಕೆ ಹಲವು ಜೀನುಗಳಿವೆ. ಲ್ಯಾಬ್ರಡಾರಿಗೆ ಮುಖ್ಯವಾಗಿ ಪಿಆರ್‌ಸಿಡಿ ನೋಡಬೇಕು, ಸ್ಪ್ರಿಂಗರ್ ಸ್ಪ್ಯಾನಿಯಲ್‌ಗೆ ಕಾರ್ಡ್1. ಒಂದಕ್ಕೆ ಕ್ಲಿಯರ್ ಬಂದರೆ ಇನ್ನೊಂದಕ್ಕೆ ಏನೂ ಹೇಳಿದ ಹಾಗಲ್ಲ. ಜರ್ಮನ್ ಶೆಫರ್ಡ್‌ನಲ್ಲಿ ಬೆನ್ನುಹುರಿ ಸವೆಯುವ ಡಿಎಂ ಸಾಮಾನ್ಯವಾಗಿ ಎಂಟು ವರ್ಷ ದಾಟಿದ ಮೇಲೆ ಕಾಣುತ್ತದೆ, ಅಷ್ಟರಲ್ಲಿ ಆ ನಾಯಿಗೆ ಮೊಮ್ಮಕ್ಕಳಿರುತ್ತವೆ. ಸೊಂಟದ ಕೀಲಿನ ದೋಷಕ್ಕಂತೂ ಸ್ವ್ಯಾಬ್ ನಂಬಬೇಡಿ, ಎಕ್ಸ್‌ರೇಯೇ ಬೇಕು.

ಹಾಗಂತ ಕ್ಯಾರಿಯರ್ ನಾಯಿಗಳನ್ನೆಲ್ಲ ತಳಿಯಿಂದ ತೆಗೆದುಹಾಕುವುದು ದಡ್ಡತನ. ಒಳ್ಳೆಯ ಕೆಲಸಗಾರ ನಾಯಿಗಳು ಕೈತಪ್ಪಿ, ಉಳಿದವು ಹತ್ತಿರದ ನೆಂಟರೇ ಆಗಿಬಿಡುತ್ತವೆ. ಸ್ವ್ಯಾಬ್‌ನಿಂದಲೇ ಕ್ಲಿಯರ್ ಆದ ಜೋಡಿ ಕೊಟ್ಟು, ಹುಟ್ಟಿದ ಪ್ರತಿ ಮರಿಯನ್ನೂ ಪರೀಕ್ಷಿಸಿದರೆ ಸಾಕು.

ಇಲ್ಲಿ ಕುಸಿದ ಎರಡೂ ಮರಿಗಳನ್ನು ಓಟದ ತರಬೇತಿಯಿಂದ ಬಿಡಿಸಲಾಯಿತು. ಆ ಗಂಡುನಾಯಿಯಿಂದ ಅಷ್ಟರಲ್ಲಾಗಲೇ ಇನ್ನೂ ಮೂರು ಸೂಲು ಆಗಿದ್ದವು. ಆ ಮರಿಗಳ ಕಾಗದಗಳಲ್ಲೂ ‘ಪೇರೆಂಟೇಜ್ ಪ್ರಕಾರ ಕ್ಲಿಯರ್’ ಎಂದೇ ಇದೆ, ಅವುಗಳಲ್ಲಿ ಕೆಲವು ಈಗ ಬೆದೆಗೆ ಬರುವ ವಯಸ್ಸಿನಲ್ಲಿವೆ.