ಹಳೇ ಪೂಲ್ ಕ್ಯೂ ಕೊಳ್ಳುವವರೇ, ಮೊದಲು ಶಾಫ್ಟ್ ನೋಡಿ

ಅಮೆರಿಕದಲ್ಲಿ ಪೂಲ್ ಆಡುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ನ್ಯೂಜೆರ್ಸಿಯಲ್ಲಿ ನನಗೆ ಒಬ್ಬ ಮಾರಾಟಗಾರ 900 ಡಾಲರ್‌ಗೆ ಒಂದು ಹಳೇ ಕ್ಯೂ, ಅಂದರೆ ಚೆಂಡು ಹೊಡೆಯುವ ಕೋಲು, ಮಾರಿದ. ಅದರ ಬಗ್ಗೆ ಅವನು ಹೇಳಿದ್ದರಲ್ಲಿ ನಿಜ ಕಾಲು ಪಾಲು ಮಾತ್ರ. ಅದೇ ಕಥೆ ಹೇಳಿಕೊಂಡು ಇನ್ನೂ ಮಾರುತ್ತಿದ್ದಾನೆ. ಹಾಗೆ ಮಾರುವವನು ಅವನೊಬ್ಬನೇ ಅಲ್ಲ.

ಅವನ ಮಾತು ಹೀಗಿತ್ತು: "ಇದು ಜಾರ್ಜ್ ಬಾಲಬುಷ್ಕಾ ಅವರ ಕೈಕೆಲಸ. ಮೊದಮೊದಲ ವರ್ಷಗಳದ್ದು, ಅದಕ್ಕೇ ಸಹಿ ಇಲ್ಲ. ಕಾಗದಪತ್ರ ಇಲ್ಲವಲ್ಲ, ಹಾಗಾಗಿ ಕಡಿಮೆಗೆ ಕೊಡುತ್ತಿದ್ದೇನೆ."

ಈ ಕಥೆ ಯಾಕೆ ನಂಬಿಕೆ ಹುಟ್ಟಿಸುತ್ತದೆ ಅಂದರೆ, ಅದರೊಳಗೆ ಒಂದಿಷ್ಟು ನಿಜ ಸೇರಿಕೊಂಡಿದೆ. ಬಾಲಬುಷ್ಕಾ ಹೆಸರಾಂತ ಕ್ಯೂ ತಯಾರಕರು, ರಷ್ಯಾದಲ್ಲಿ ಹುಟ್ಟಿ ನ್ಯೂಯಾರ್ಕಿಗೆ ಬಂದವರು. 1959ರಲ್ಲಿ ಬ್ರೂಕ್ಲಿನ್‌ನಲ್ಲಿ ಕ್ಯೂ ಮಾಡಲು ಶುರು ಮಾಡಿದರು, 1975ರಲ್ಲಿ ತೀರಿಕೊಂಡರು. ಶುರುವಿನ ಕ್ಯೂಗಳಿಗೆ ಅವರು ಸಹಿ ಹಾಕುತ್ತಿರಲಿಲ್ಲ, ಅದೂ ನಿಜ. ಬ್ರನ್ಸ್‌ವಿಕ್ ಕಂಪನಿಯ 'ವಿಲ್ಲಿ ಹಾಪಿ ಟೈಟ್ಲಿಸ್ಟ್' ಅನ್ನೋ ಕ್ಯೂಗಳನ್ನು ತೆಗೆದುಕೊಂಡು, ಅದೇ ಮರದಿಂದ ತಮ್ಮ ಕ್ಯೂ ಮಾಡುತ್ತಿದ್ದರು. ಅದೂ ನಿಜ.

ಆದರೆ ಟೈಟ್ಲಿಸ್ಟ್ ಅಪರೂಪದ ವಸ್ತುವೇನಲ್ಲ. ಪೂಲ್ ಹಾಲ್‌ಗಳ ಗೋಡೆಗೆ ಸಾಲಾಗಿ ನಿಲ್ಲಿಸಿಡುತ್ತಿದ್ದ, ಒಂದೇ ತುಂಡಿನ ಕ್ಯೂ ಅದು. ಕೆಳಗಿನ ಗಾಢ ಬಣ್ಣದ ಮರ ಮೇಲಿನ ಮೇಪಲ್ ಮರದೊಳಕ್ಕೆ ನಾಲ್ಕು ಚೂಪಾದ ಬೆರಳುಗಳ ಹಾಗೆ ಹೊಕ್ಕಿರುತ್ತದೆ. ಅಂಚಿನಲ್ಲಿ ಬಣ್ಣದ ತೆಳು ಪಟ್ಟಿಗಳು. ನೋಡಲು ನಿಜವಾಗಿಯೂ ಚೆಂದ. ಲೇತ್ (ಮರವನ್ನು ತಿರುಗಿಸಿ ಕಡೆಯುವ ಯಂತ್ರ) ಇರುವ ಯಾರು ಬೇಕಾದರೂ ಇವತ್ತೂ ಅಂಥ ಒಂದನ್ನು ತಂದು, ನಡುವೆ ಕತ್ತರಿಸಿ, ತಿರುಪಿನ ಜಾಯಿಂಟ್ ಕೂರಿಸಿ, ಹಿಡಿಗೆ ದಾರ ಸುತ್ತಿ ಎರಡು ತುಂಡಿನ ಕ್ಯೂ ಮಾಡಬಹುದು. ಇದಕ್ಕೆ ಕನ್ವರ್ಷನ್ ಅನ್ನುತ್ತಾರೆ. ಹೇಳಿ ಮಾರಿದರೆ ಅದರಲ್ಲಿ ಯಾವ ತಪ್ಪೂ ಇಲ್ಲ. ಚೆನ್ನಾಗಿ ಮಾಡಿದ ಕನ್ವರ್ಷನ್‌ನಲ್ಲಿ ಆಡುವ ಸುಖವೇ ಬೇರೆ. ಆದರೆ ಹೋದ ವರ್ಷ ಯಾರೋ ಮಾಡಿದ್ದನ್ನು ದೊಡ್ಡವರ ಹೆಸರಿಗೆ ಕಟ್ಟಿ ಮಾರಿದರೆ ಅದು ಮೋಸ. ಮರ ಹಳೇದು ಅನ್ನುವುದರಿಂದ ಕ್ಯೂ ಯಾರು ಮಾಡಿದ್ದು ಅಂತ ಗೊತ್ತಾಗುವುದಿಲ್ಲ. ಇದೊಂದನ್ನು ದಯವಿಟ್ಟು ನೆನಪಿಡಿ.

ನನ್ನ ಕ್ಯೂವನ್ನು ರಿಪೇರಿಯವರ ಹತ್ತಿರ ಒಯ್ದೆ. ಈ ಕೆಲಸದಲ್ಲೇ ಕೂದಲು ಬೆಳ್ಳಗಾದ ಮನುಷ್ಯ. ಅವರು ಕಪ್ಪು ಬೆರಳುಗಳ ಅಂದವನ್ನು ನೋಡಲೇ ಇಲ್ಲ. ತಿರುಪು ಬಿಚ್ಚಿ, ಬಟ್ (ಹಿಡಿಯುವ ದಪ್ಪ ತುಂಡು) ಪಕ್ಕಕ್ಕಿಟ್ಟು, ಶಾಫ್ಟ್ (ಮುಂದಿನ ಸಪೂರ ತುಂಡು) ಮಾತ್ರ ಕೈಗೆತ್ತಿಕೊಂಡರು. "ಈ ಶಾಫ್ಟ್ ಈ ಕ್ಯೂದಲ್ಲ" ಅಂದರು. ಜಾಯಿಂಟ್ ಹತ್ತಿರ ಶಾಫ್ಟಿಗೂ ಬಟ್‌ಗೂ ಉಂಗುರಗಳಿರುತ್ತವೆ. ಒಟ್ಟಿಗೇ ಮಾಡಿದ ಜೋಡಿಯಾದರೆ ಅವು ಬಣ್ಣದಲ್ಲಿ, ಅಗಲದಲ್ಲಿ ಒಂದಕ್ಕೊಂದು ಹೊಂದುತ್ತವೆ. ನನ್ನದರಲ್ಲಿ ಬಟ್ ಕಡೆ ಬೆಳ್ಳಿ ಬಣ್ಣದ ಗೆರೆ ಇತ್ತು, ಶಾಫ್ಟ್ ಕಡೆ ಬರೀ ಕಪ್ಪು. ಮಾರಾಟದ ಫೋಟೋಗಳಲ್ಲಿ ಆ ಜಾಗ ಒಂದರಲ್ಲೂ ಬಂದಿರಲಿಲ್ಲ.

ಆಮೇಲೆ ಟಿಪ್ ಹತ್ತಿರ, ಅಂದರೆ ಚೆಂಡಿಗೆ ತಾಗುವ ತುದಿಯ ಹತ್ತಿರ, ದಪ್ಪ ಅಳೆಯುವ ಕ್ಯಾಲಿಪರ್ ಹಿಡಿದರು. 11.9 ಮಿಲಿಮೀಟರ್. ಆ ಕಾಲದ ಪೂಲ್ ಶಾಫ್ಟ್ ಸಾಮಾನ್ಯವಾಗಿ 13ರ ಆಸುಪಾಸು ಇರುತ್ತದೆ. ಅಂದರೆ ಮತ್ತೆ ಮತ್ತೆ ಮರಳು ಕಾಗದ ಹಾಕಿ ಉಜ್ಜಿದ್ದಾರೆ. ಉಜ್ಜಿ ಕಳೆದ ಮರ ವಾಪಸ್ ಬರುವುದಿಲ್ಲ, ಅಲ್ವಾ?

ಬೆಂಗಳೂರಿನ ಕ್ಲಬ್ಬುಗಳಲ್ಲಿ ಸ್ನೂಕರ್ ಕಲಿತು ಇಲ್ಲಿಗೆ ಬಂದವರು ಈ ವಿಷಯದಲ್ಲಿ ಜಾಸ್ತಿ ಹುಷಾರಾಗಿರಬೇಕು. ಸ್ನೂಕರ್ ಕ್ಯೂವಿನ ಟಿಪ್ ಒಂಬತ್ತೂವರೆ ಮಿಲಿಮೀಟರ್ ಸುತ್ತಮುತ್ತ ಇರುತ್ತದೆ. ಆ ಅಳತೆಗೆ ಒಗ್ಗಿದ ಕಣ್ಣಿಗೆ ಸವೆದ ಪೂಲ್ ಶಾಫ್ಟ್ ಸವೆದಂತೆ ಕಾಣುವುದೇ ಇಲ್ಲ. ಬೆರಳ ನಡುವೆ ಸಲೀಸಾಗಿ ಓಡುತ್ತದೆ, ಹಿತವಾಗಿದೆ ಅನ್ನಿಸುತ್ತದೆ. ನಮ್ಮ ಕೈಯ ಅಭ್ಯಾಸವನ್ನೇ ನಂಬಿದರೆ ಇಲ್ಲಿ ಬೆಲೆ ತಪ್ಪುತ್ತದೆ. ಹಾಗಾಗಿ ಅಳತೆಯನ್ನು ಕೇಳಿಯೇ ಪಡೆಯಿರಿ.

ಮೂರನೆಯದು ನನಗೆ ಅತ್ಯಂತ ಸಿಟ್ಟು ತರಿಸಿದ್ದು. ಕ್ಯೂ ಮನೆಗೆ ಬಂದಾಗ ನೇರವಾಗಿತ್ತು. ಟೇಬಲ್ ಮೇಲೆ ಉರುಳಿಸಿದರೆ ಒಂದಿಷ್ಟೂ ಕುಣಿಯಲಿಲ್ಲ. ಕೆಲವು ವಾರ ಕಳೆಯುವಷ್ಟರಲ್ಲಿ ಟಿಪ್ ಏಳುತ್ತಾ ಬೀಳುತ್ತಾ ಉರುಳತೊಡಗಿತು. ಬಾಗಿದ ಶಾಫ್ಟನ್ನು ಬಿಸಿ ಮಾಡಿ, ಒತ್ತಿ ಹಿಡಿದು ನೇರ ಮಾಡುವುದುಂಟು. ಅದು ಮಾರುವ ತನಕ ನಿಂತರೆ ಮಾರುವವನಿಗೆ ಸಾಕು. ಮಳೆಗಾಲ ಬಂದರೆ ಊರಿನ ಹಳೇ ಮನೆಯ ಬಾಗಿಲು ಉಬ್ಬುವ ಹಾಗೆ, ಮರ ಗಾಳಿಯ ತೇವಕ್ಕೆ ತಕ್ಕಂತೆ ಅಲುಗುತ್ತಲೇ ಇರುತ್ತದೆ. ಇಲ್ಲಿ ಚಳಿಗಾಲದಲ್ಲಿ ಹೀಟರ್, ಬೇಸಿಗೆಯಲ್ಲಿ ಬೆವರು. ಒತ್ತಿ ಕೂರಿಸಿದ ಬಾಗು ಮತ್ತೆ ಎದ್ದು ಬರುತ್ತದೆ.

ಹಾಗಾಗಿ ತೀರಾ ಬೆಳ್ಳಗೆ, ಹೊಸದರಂತೆ ಹೊಳೆಯುವ ಶಾಫ್ಟ್ ಕಂಡರೆ ನಾನು ಈಗ ಅನುಮಾನ ಪಡುತ್ತೇನೆ. ಟಿಪ್‌ಗೆ ಹಚ್ಚುವ ಚಾಕ್‌ನ ನೀಲಿ ಹತ್ತಿ ಮಾಸಿದ ಶಾಫ್ಟೇ ವಾಸಿ. ಆ ಕೊಳೆ ಕುಂದಲ್ಲ, ಅದನ್ನು ಯಾರೂ ಉಜ್ಜಿಲ್ಲ ಅನ್ನುವುದಕ್ಕೆ ಗುರುತು. ಹಿಡಿಗೆ ಸುತ್ತಿದ ಸವೆದ ಐರಿಶ್ ಲಿನನ್ ದಾರಕ್ಕೂ ಇದೇ ಮಾತು. ಹಳೇ ಕ್ಯೂವಿಗೆ ದಪ್ಪ ಗಾಜಿನಂಥ ಹೊಸ ಪಾಲಿಶ್ ಹೊಡೆದಿದ್ದರೆ, ಅದರ ಕೆಳಗೆ ಏನು ಮುಚ್ಚಿದ್ದಾರೆ ಅಂತ ಕೇಳಬೇಕು.

ಆ ಕಪ್ಪು ಮರದ ಬೆರಳುಗಳ ಉದ್ದದ ಬಗ್ಗೆಯೂ ಒಂದು ಮಾತು. ನನ್ನ ಕ್ಯೂದಲ್ಲಿ ಒಂದು ಬೆರಳು ಉಳಿದ ಮೂರಕ್ಕಿಂತ ಗಿಡ್ಡ. "ಕೈಯಲ್ಲಿ ಮಾಡಿದ್ದರ ಲಕ್ಷಣ" ಅಂದಿದ್ದ ಮಾರಾಟಗಾರ. ಕೈಕೆಲಸದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತದೆ, ಸರಿ. ಆದರೆ ದಪ್ಪ ಕ್ಯೂವನ್ನು ಲೇತ್‌ಗೆ ಹಾಕಿ ತೆಳು ಮಾಡುವಾಗ ಬೆರಳುಗಳು ಗಿಡ್ಡವಾಗುತ್ತಾ ಹೋಗುತ್ತವೆ. ಮರ ನಡುಗೆರೆಗೆ ಸರಿಯಾಗಿ ಕೂತಿಲ್ಲದಿದ್ದರೆ ಒಂದು ಕಡೆ ಜಾಸ್ತಿ ಸವೆಯುತ್ತದೆ. ನನ್ನದರಲ್ಲಿ ಆಗಿದ್ದು ಅದೇ ಅಂತ ರಿಪೇರಿಯವರು ತೋರಿಸಿದರು. ಜಾಯಿಂಟಿನ ಸ್ಟೀಲ್ ಹೊಸದು, ಒಳಗಿನ ಅಂಟೂ ಹೊಸದು. ಅವರ ಲೆಕ್ಕದಲ್ಲಿ ಅದರ ಬೆಲೆ 250 ಡಾಲರ್, ಅದೂ ಬೇರೆ ಶಾಫ್ಟ್ ಮಾಡಿಸಿದ ಮೇಲೆ.

ಇನ್ನೊಂದು ವಿಷಯ ದುಡ್ಡಿಗಿಂತ ದೊಡ್ಡದು. ಶಾಫ್ಟಿನ ತುದಿಯ ಬಿಳಿ ಬಳೆ, ಅಂದರೆ ಫೆರೂಲ್, "ಅಸಲಿ ಆನೆದಂತ" ಅಂತ ಅವನು ಹೆಮ್ಮೆಯಿಂದ ಹೇಳಿದ್ದ. ಅದು ಪ್ಲಾಸ್ಟಿಕ್ ಅಂತ ಗೊತ್ತಾದಾಗ ನನಗೆ ನೆಮ್ಮದಿಯೇ ಆಯಿತು. ಹಳೇ ಪ್ಲಾಸ್ಟಿಕ್ ಕೂಡ ಹಳದಿಯಾಗುತ್ತದೆ, ಬಣ್ಣ ನೋಡಿ ದಂತ ಅನ್ನಲಾಗದು. ನ್ಯೂಜೆರ್ಸಿಯಲ್ಲಿ 2014ರಲ್ಲೇ ಆನೆದಂತದ ಮಾರಾಟ ನಿಷೇಧಿಸುವ ಕಾನೂನು ಬಂತು. 2016ರಿಂದ ಇಡೀ ಅಮೆರಿಕದಲ್ಲಿ ಆಫ್ರಿಕದ ಆನೆಯ ದಂತದ ವ್ಯಾಪಾರಕ್ಕೆ ಹೆಚ್ಚುಕಡಿಮೆ ಪೂರ್ತಿ ತಡೆ ಇದೆ. ಭಾರತದ ಕಾನೂನು ಇನ್ನೂ ಬಿಗಿ. ಬೆಂಗಳೂರಿನಲ್ಲಿರುವ ನನ್ನ ತಮ್ಮ "ಅಣ್ಣಾ, ಬರೋವಾಗ ನಂಗೂ ಒಂದು ಹಳೇ ಕ್ಯೂ ತಗೊಂಡು ಬಾ" ಅಂದಿದ್ದ. ದಂತ ಇರುವ ಕ್ಯೂ ಹಿಡಿದು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿದಿದ್ದರೆ ವನ್ಯಜೀವಿ ಕಾಯ್ದೆಯ ಕೇಸಾಗುತ್ತಿತ್ತು. ಮಾರುವವನು ದಂತ ಅಂದರೆ ಅಲ್ಲಿಗೇ ಬಿಡಿ. ಅವನ ಮಾತು ನಿಜವಾದರೂ ಕಷ್ಟ, ಸುಳ್ಳಾದರೂ ಕಷ್ಟ.

ದೂರದಿಂದ ಕೊಳ್ಳುವುದಾದರೆ ಸುಮ್ನೆ ಫೋಟೋ ಸಾಲದು, ವಿಡಿಯೋ ಕೇಳಿ. ಶಾಫ್ಟ್ ಒಂದನ್ನೇ ಗಾಜಿನ ಅಥವಾ ಕಲ್ಲಿನ ಮೇಲೆ ಉರುಳಿಸಿ ತೋರಿಸಲಿ. ಪೂಲ್ ಟೇಬಲ್ಲಿನ ಬಟ್ಟೆ ಸಣ್ಣ ಬಾಗನ್ನು ಮುಚ್ಚಿಬಿಡುತ್ತದೆ. ಆಮೇಲೆ ಬಟ್ ಒಂದನ್ನೇ, ಕೊನೆಗೆ ಎರಡನ್ನೂ ಸೇರಿಸಿ. ಕೆಳಗೆ ಬೆಳಕು ಕಾಣುವುದು ತಪ್ಪಲ್ಲ, ಕ್ಯೂ ಒಂದು ಕಡೆ ದಪ್ಪ ಒಂದು ಕಡೆ ಸಪೂರ ಇರುತ್ತದಲ್ಲ. ಉರುಳುವಾಗ ಆ ಬೆಳಕಿನ ಸಂದು ಹಿಗ್ಗಿ ಕುಗ್ಗಿದರೆ ಮಾತ್ರ ಬಾಗಿದೆ ಅಂತ. ತುಂಡುಗಳು ಬೇರೆ ಬೇರೆಯಾಗಿ ಸರಿಯಾಗಿ ಉರುಳಿ, ಸೇರಿಸಿದಾಗ ಕುಣಿದರೆ ಜಾಯಿಂಟ್ ಸರಿಯಾಗಿ ಕೂತಿಲ್ಲ. ಎದುರಿಗೇ ಸಿಕ್ಕರೆ ಸೇರಿಸಿದ ಕ್ಯೂವನ್ನು ಮೇಲಿಂದ ಸಡಿಲವಾಗಿ ಹಿಡಿದು, ಬಟ್‌ನ ರಬ್ಬರನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿ. ಜುಂಯ್ ಅಂತ ನಡುಗಿದರೆ ಒಳಗೆ ಏನೋ ಸಡಿಲವಾಗಿದೆ.

ದುಡ್ಡು ಕಳಿಸುವಾಗ ಅವನು "ಗೆಳೆಯರಿಗೆ ಕಳಿಸುವ ಬಗೆಯಲ್ಲೇ ಕಳಿಸಿ, ಕಮಿಷನ್ ಉಳಿಯುತ್ತದೆ" ಅಂತ ಹಟ ಹಿಡಿದ. ಪೇಪಾಲ್‌ನಲ್ಲಿ ಹಾಗೆ ಕಳಿಸಿದ ಹಣಕ್ಕೆ ಕೊಳ್ಳುವವರ ರಕ್ಷಣೆ ಸಿಗುವುದಿಲ್ಲ. ವಸ್ತು ಕೊಳ್ಳುತ್ತಿದ್ದೇವೆ ಅಂತಲೇ ಕಳಿಸಿ, ಕಮಿಷನ್ ನೀವೇ ಕೊಟ್ಟರೂ ಪರವಾಗಿಲ್ಲ. ರಿಪೇರಿಯವರು ಹೇಳಿದ್ದನ್ನೆಲ್ಲ ಫೋಟೋ ಸಮೇತ ಬರೆದು ಕಳಿಸಿದಾಗ, "ಹಳೇ ವಸ್ತು, ಇದ್ದ ಹಾಗೇ ಮಾರಿದ್ದು" ಅಂತ ಒಂದು ಸಾಲು ಬಂತು. ಆಮೇಲೆ ಬ್ಲಾಕ್ ಮಾಡಿದ.

ಈಗ ಅವನು ಇನ್ನೊಂದು ಕ್ಯೂ ಮಾರಾಟಕ್ಕಿಟ್ಟಿದ್ದಾನೆ. ನಾಲ್ಕು ಬೆರಳು, ಹಸಿರು ಮತ್ತು ಕಿತ್ತಳೆ ಪಟ್ಟಿ, ಬೆಳ್ಳಗಿನ ಶಾಫ್ಟ್, "ಮೊದಲ ವರ್ಷಗಳದ್ದು, ಸಹಿ ಇಲ್ಲ" ಅನ್ನುವ ಅದೇ ಮಾತು. ಈ ಸಲ 1,400 ಡಾಲರ್ ಕೇಳುತ್ತಿದ್ದಾನೆ. ಜಾಯಿಂಟಿನ ಉಂಗುರ ಕಾಣುವ ಫೋಟೋ ಇದರಲ್ಲೂ ಇಲ್ಲ.