ಸೆಲ್ಸಿಯಸ್ಸೋ, ಫ್ಯಾರನ್‌ಹೀಟೋ: ಕಾಫಿ ಹುರಿಯುವವರ ಥರ್ಮಾಮೀಟರ್

ತೋಟದ ಬೀಜವನ್ನು ಮನೆಯಲ್ಲೇ ಹುರಿಯಲು ಥರ್ಮಾಮೀಟರ್ ಕೊಳ್ಳುತ್ತಿದ್ದೀರಾ? ಮೊದಲು ಮಾಪಕ ಯಾವುದೆಂದು ನೋಡಿಕೊಳ್ಳಿ.

ನೀರು ಹೆಪ್ಪುಗಟ್ಟುವುದು ಸೆಲ್ಸಿಯಸ್‌ನಲ್ಲಿ 0, ಕುದಿಯುವುದು 100. ಫ್ಯಾರನ್‌ಹೀಟ್‌ನಲ್ಲಿ 32 ಮತ್ತು 212. ಅದೇ ಅಂತರ ಅಲ್ಲಿ 180 ಭಾಗವಾಗುವುದರಿಂದ ಒಂದೊಂದು ಡಿಗ್ರಿಯೂ ಸಣ್ಣದು. ದಶಮಾಂಶ ತೋರಿಸದ ಮೀಟರಿನಲ್ಲಿ ತುಸು ಸೂಕ್ಷ್ಮ. ಅದರ ಲಾಭ ಅಷ್ಟೇ. (1742ರಲ್ಲಿ ಸೆಲ್ಸಿಯಸ್ ಎಂಬ ವಿಜ್ಞಾನಿ ಕುದಿಯುವುದನ್ನೇ 0 ಎಂದಿದ್ದ! ತಿರುವಿ ಹಾಕಿದ್ದು ಆಮೇಲಿನವರು.) ಕೆಲ್ವಿನ್ ಎಂಬ ಮೂರನೇ ಮಾಪಕ ಪ್ರಯೋಗಶಾಲೆಗೆ ಇರಲಿ.

ಜ್ವರಕ್ಕಾದರೆ ನನ್ನ ಓಟು ಫ್ಯಾರನ್‌ಹೀಟ್‌ಗೆ. 'ನೂರೆರಡು ಜ್ವರ' ಎಂದರೆ ಅಜ್ಜಿಗೂ ಗಾಬರಿಯಾಗುತ್ತದೆ, '38.9' ಎಂದರೆ ಯಾರೂ ಕದಲುವುದಿಲ್ಲ.

ಹುರಿಯಲು ಸೆಲ್ಸಿಯಸ್ಸೇ ಸಾಕು. ಬೀಜ ಮೊದಲ ಸಲ ಚಟಪಟ ಎನ್ನುವುದು ಸುಮಾರು 200 ಡಿಗ್ರಿಗೆ, ನೆನಪಿಡಲು ಸುಲಭ. ಅಮೆರಿಕದವರ ವಿಡಿಯೊ ನೋಡಿ ಕಲಿಯುವವರಿಗೆ ಅದೇ ಹಂತ 390ರ ಆಸುಪಾಸು ಎಂದು ಕೇಳಿಸುತ್ತದೆ; ಅಂಥವರು ಗುಂಡಿ ಒತ್ತಿದರೆ ಮಾಪಕ ಬದಲಾಗುವ ಡಿಜಿಟಲ್ ಮೀಟರ್ ತರಲಿ. ಯಾವ ಮೀಟರ್ ಆದರೂ ಅದಕ್ಕೆ ಥರ್ಮೋಕಪಲ್ ಕಡ್ಡಿ (ಎರಡು ಬಗೆಯ ಲೋಹದ ತಂತಿ ಬೆಸೆದು ಶಾಖ ಅಳೆಯುವಂಥದ್ದು) ಇರಲಿ, 250 ಡಿಗ್ರಿ ಸೆಲ್ಸಿಯಸ್ ದಾಟಿದರೂ ತಡೆಯುವಂಥದ್ದು. ಜ್ವರದ ಕಡ್ಡಿಯನ್ನು ಬಾಣಲೆಗೆ ಹಾಕಿದರೆ ಕಥೆ ಮುಗಿಯಿತು.

ತಂದ ಮೇಲೆ ಕುದಿಯುವ ನೀರಲ್ಲಿ ಅದ್ದಿ, 100 ಬರಲಿಲ್ಲವೆಂದು ಅಂಗಡಿಗೆ ವಾಪಸ್ ಓಡಬೇಡಿ. ಮಡಿಕೇರಿಯನ್ನೇ ನೋಡಿ, ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ಸುಮಾರು 96ಕ್ಕೇ ಕುದಿಯುತ್ತದೆ. ಪುಡಿಮಾಡಿದ ಐಸ್ ಬೆರೆಸಿದ ನೀರಲ್ಲಿ ಅದ್ದಿ ನೋಡಿ: ಅಲ್ಲಿ 0 ಬರದಿದ್ದರೆ ಮಾತ್ರ ಜಗಳವಾಡಿ.